ಲೀಟರಿಗೆ ಹನ್ನೆರಡು ರೂಪಾಯಿಯ ಮೋಹ

ಅಪ್ರೈಸಲ್ ಚೆನ್ನಾಗಿ ಆದ ತಿಂಗಳು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎರಡು ಪ್ರಶ್ನೆಗಳು ತಿರುಗಾಡ್ತಿರುತ್ತವೆ. ಒಂದು, ಸೈಟಾ ಫ್ಲ್ಯಾಟಾ? ಇನ್ನೊಂದು, ಪೆಟ್ರೋಲಾ ಡೀಸೆಲಾ? ಮೊದಲನೆಯದಕ್ಕೆ ಎಲ್ಲರೂ ಮಾವನ ಮನೆಯವರನ್ನ ಕೇಳ್ತಾರೆ. ಎರಡನೆಯದಕ್ಕೆ ನನ್ನ ಹತ್ರ ಬರ್ತಾರೆ, ಯಾಕಂದ್ರೆ ನನಗೆ ಗಾಡಿ ಹುಚ್ಚು ಅನ್ನೋದು ಇಡೀ ಫ್ಲೋರಿಗೆ ಗೊತ್ತು. ಆದರೆ ಬರೋರು ಸಲಹೆಗೆ ಬರೋದಿಲ್ಲ, ಆಶೀರ್ವಾದಕ್ಕೆ ಬರ್ತಾರೆ. ತೀರ್ಮಾನ ಆಗಲೇ ಆಗಿರುತ್ತೆ.

"ಡೀಸೆಲ್ಲೇ ತಗೊಳ್ಳೋಣ ಅಂತ ಗುರು. ಮೈಲೇಜ್ ಜಾಸ್ತಿ, ರೇಟು ಕಮ್ಮಿ. ಮುಂದೆ ಉಳಿಯುತ್ತೆ ಅಲ್ವಾ?"

"ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀಯಾ?"

ಇಲ್ಲಿ ಮಾತು ನಿಲ್ಲುತ್ತೆ. ಹದಿನೈದು ಲಕ್ಷ ಖರ್ಚು ಮಾಡೋಕೆ ಹೊರಟವನಿಗೆ, ದಿನಾ ಎಕ್ಸೆಲ್ ಶೀಟಲ್ಲೇ ಬದುಕೋ ಮನುಷ್ಯನಿಗೆ, ತಾನು ತಿಂಗಳಿಗೆ ಎಷ್ಟು ಗಾಡಿ ಓಡಿಸ್ತೀನಿ ಅನ್ನೋ ಒಂದು ಅಂಕಿ ಗೊತ್ತಿರಲ್ಲ. ನಾನೇ ಕೂಡಿಸಿ ಹೇಳ್ತೀನಿ. ಮನೆ ಜೆ.ಪಿ. ನಗರ, ಆಫೀಸು ಬೆಳ್ಳಂದೂರು. ಹೋಗಿ ಬರೋಕೆ 26 ಕಿಲೋಮೀಟರ್ ಅಂತ ಹಿಡಿ. ವಾರಕ್ಕೆ ಮೂರು ದಿನ ಆಫೀಸು, ಉಳಿದದ್ದು ಮನೆಯಿಂದಲೇ ಕೆಲಸ. ತಿಂಗಳಿಗೆ 300 ಚಿಲ್ಲರೆ ಆಯ್ತು. ಶನಿವಾರ ಒಂದು ಮಾಲು, ಭಾನುವಾರ ಒಂದು ಗೃಹಪ್ರವೇಶ, ಎಲ್ಲಾ ಸೇರಿಸಿದ್ರೂ 500. "ಅಷ್ಟೇನಾ?" ಅಂತಾನೆ. ಅಷ್ಟೇ. ಬೆಂಗಳೂರಲ್ಲಿ ನಾವು ಕಾರಿನಲ್ಲಿ ತುಂಬಾ ಹೊತ್ತು ಕೂತಿರ್ತೀವಿ, ತುಂಬಾ ದೂರ ಹೋಗಿರೋದಿಲ್ಲ. ಕೂತ ಹೊತ್ತನ್ನ ಹೋದ ದೂರ ಅಂದುಕೊಳ್ಳೋದೇ ಡೀಸೆಲ್ ಕಾರಿನ ವ್ಯಾಪಾರ ನಡೆಯೋ ಗುಟ್ಟು.

ನಾನು ಡೀಸೆಲ್ ಎಂಜಿನ್ನಿನ ವೈರಿಯಲ್ಲ. ಸಾಗರದ ನಮ್ಮ ಭಾವ ಅಡಿಕೆ ವ್ಯಾಪಾರದವರು. ಶಿರಸಿ, ಶಿವಮೊಗ್ಗ, ತೀರ್ಥಹಳ್ಳಿ ಅಂತ ತಿಂಗಳಿಗೆ 3,000 ಕಿಲೋಮೀಟರ್ ಸುತ್ತುತ್ತಾರೆ. ಅವರು ಕೇಳಿದಾಗ ಒಂದು ಕ್ಷಣವೂ ಯೋಚನೆ ಮಾಡದೆ ಡೀಸೆಲ್ ತಗೊಳ್ಳಿ ಅಂದೆ. ನನ್ನ ತಕರಾರು ಇರೋದು ಸಿಲ್ಕ್ ಬೋರ್ಡಿನಲ್ಲಿ ತೆವಳೋದಕ್ಕೋಸ್ಕರ ಅದೇ ಎಂಜಿನ್ ಕೊಳ್ಳೋ ನಮ್ಮ ಜಾತಿಯ ಜನರ ಮೇಲೆ. ಜೇಬು, ಎಂಜಿನ್, ಪಕ್ಕದವರ ಶ್ವಾಸಕೋಶ – ಈ ಮೂರೂ ನಷ್ಟಕ್ಕೆ ಬೀಳುವ ಖರೀದಿ ಅದು. ಸಾಮಾನ್ಯವಾಗಿ ಸ್ವಾರ್ಥ ಒಂದು ದಾರಿ ತೋರಿಸುತ್ತೆ, ಸಜ್ಜನಿಕೆ ಇನ್ನೊಂದು ದಾರಿ. ಇಲ್ಲಿ ಎರಡೂ ಒಂದೇ ಕಡೆ ಕೈ ತೋರಿಸ್ತಿವೆ. ಆದರೂ ನಾವು ಮೂರನೇ ಕಡೆಗೆ ಹೊರಡ್ತೀವಿ.

ಮೊದಲು ಜೇಬು.

2025ರಲ್ಲಿ ಬೆಂಗಳೂರಿನ ಬಂಕುಗಳಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 103 ರೂಪಾಯಿ, ಡೀಸೆಲ್ ಸುಮಾರು 91 ಇತ್ತು. ಅಂತರ 12. ಒಂದೇ ಮಾಡೆಲ್ಲಿನ ಪೆಟ್ರೋಲ್ ಮತ್ತು ಡೀಸೆಲ್ ಕಾರಿನ ಮಧ್ಯೆ ಆನ್‌ರೋಡ್ ವ್ಯತ್ಯಾಸ 1,60,000 ಅಂತ ಲೆಕ್ಕಕ್ಕೆ ಹಿಡಿಯೋಣ. ಶೋರೂಮಿನವರು ಎಕ್ಸ್‌ಶೋರೂಮ್ ವ್ಯತ್ಯಾಸ ಮಾತ್ರ ಹೇಳ್ತಾರೆ. ಅದರ ಮೇಲೆ ನಮ್ಮ ಸರ್ಕಾರದ ರೋಡ್ ಟ್ಯಾಕ್ಸ್ ಇದೆ. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಅದು ಕನಿಷ್ಠ 17 ಪರ್ಸೆಂಟ್, ಆ ತೆರಿಗೆಯ ಮೇಲೆ ಸೆಸ್ ಬೇರೆ. ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12, ಡೀಸೆಲ್ ಕಾರು 16 ಕಿಲೋಮೀಟರ್ ಕೊಡುತ್ತೆ ಅಂತ ಇಟ್ಕೊಳ್ಳಿ. ಪೆಟ್ರೋಲಿಗೆ ಕಿಲೋಮೀಟರಿಗೆ 8 ರೂಪಾಯಿ 60 ಪೈಸೆ, ಡೀಸೆಲಿಗೆ 5 ರೂಪಾಯಿ 70 ಪೈಸೆ. ಉಳಿತಾಯ 2 ರೂಪಾಯಿ 90 ಪೈಸೆ.

ತಿಂಗಳಿಗೆ 500 ಅಂದ್ರೆ ವರ್ಷಕ್ಕೆ 6,000 ಕಿಲೋಮೀಟರ್. ಉಳಿತಾಯ 17,400. ಹೆಚ್ಚು ಕೊಟ್ಟ 1,60,000 ವಾಪಸ್ ಬರೋಕೆ ಒಂಬತ್ತು ವರ್ಷ ದಾಟುತ್ತೆ. ಇಷ್ಟಕ್ಕೇ ನಿಲ್ಲಿಸಿದ್ರೆ ಡೀಸೆಲ್ಲಿಗೆ ದೊಡ್ಡ ರಿಯಾಯಿತಿ ಕೊಟ್ಟ ಹಾಗೆ. ಆ 1,60,000 ಸುಮ್ಮನೆ ಎಫ್‌ಡಿಯಲ್ಲಿ ಇಟ್ಟು 7 ಪರ್ಸೆಂಟ್ ಬಂದಿದ್ರೂ ವರ್ಷಕ್ಕೆ 11,200. ಅಂದ್ರೆ ನಿಜವಾದ ಉಳಿತಾಯ 6,200. ತಿಂಗಳಿಗೆ 500 ರೂಪಾಯಿ ಚಿಲ್ಲರೆ. ಇಬ್ಬರು ಹೊರಗೆ ಹೋಗಿ ಮಸಾಲೆ ದೋಸೆ, ಕಾಫಿ ಮುಗಿಸಿ ಪಾರ್ಕಿಂಗ್ ಕೊಟ್ಟು ಬಂದ್ರೆ ಮುಗಿಯೋ ದುಡ್ಡು. ಕಾರಿನ ಬೆಲೆ ಹೆಚ್ಚಾದ್ದರಿಂದ ಇನ್ಶೂರೆನ್ಸ್ ಹೆಚ್ಚು, ಸರ್ವೀಸಿನಲ್ಲಿ ಆಯಿಲ್ಲು ಫ್ಯುಯೆಲ್ ಫಿಲ್ಟರು ಅಂತ ಬಿಲ್ಲು ಹೆಚ್ಚು. ಅದನ್ನೂ ಕಳೆದ್ರೆ ಕೈಯಲ್ಲಿ ಉಳಿಯೋದು "ನಾನು ಉಳಿಸ್ತಿದ್ದೀನಿ" ಅನ್ನೋ ಸಮಾಧಾನ ಮಾತ್ರ. ಸಾಲ ಮಾಡಿ ತಗೊಂಡಿದ್ರೆ ಆ ಸಮಾಧಾನವೂ ಬ್ಯಾಂಕಿನದೇ.

"ರೀಸೇಲ್ ಇದೆಯಲ್ಲ ಮಗಾ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಇದೆ. ಏಳು ವರ್ಷ ಆದ್ಮೇಲೆ ಮಾರುವಾಗ, ಹೆಚ್ಚು ಕೊಟ್ಟದ್ದರಲ್ಲಿ ಅರ್ಧ, ಅಂದ್ರೆ 80,000, ವಾಪಸ್ ಬಂತು ಅಂತಲೇ ಇಟ್ಕೊಳ್ಳಿ. ಏಳು ವರ್ಷದಲ್ಲಿ ಬಂಕಿನಲ್ಲಿ ಉಳಿದದ್ದು 43,400. ಇನ್ನೂ 36,600 ಎಲ್ಲಿ ಹೋಯ್ತು? ಹುಡುಕಿ ನೋಡಿ, ಸಿಗಲ್ಲ.

ಇದೇ ಲೆಕ್ಕವನ್ನ ತಿಂಗಳಿಗೆ 2,000 ಕಿಲೋಮೀಟರ್ ಓಡಿಸೋರಿಗೆ ಹಾಕಿ. ವರ್ಷಕ್ಕೆ 69,600 ಉಳಿತಾಯ. ಎರಡೂವರೆ ವರ್ಷದೊಳಗೆ ಹಾಕಿದ ದುಡ್ಡು ಬಂತು. ಆಮೇಲೆ ಬಂದದ್ದೆಲ್ಲ ಲಾಭ. ನಮ್ಮ ಭಾವನಿಗೆ ಡೀಸೆಲ್ ತಗೊಳ್ಳಿ ಅಂದದ್ದು ಇದಕ್ಕೇ. ಕಾರು ಅದೇ, ಬಂಕು ಅದೇ, ಓಡೋಮೀಟರ್ ಮಾತ್ರ ಬೇರೆ.

ಇನ್ನು ಆ 12 ರೂಪಾಯಿ ಬಗ್ಗೆ ಒಂದು ಮಾತು. ಅದು ಡೀಸೆಲ್ಲಿನ ಹುಟ್ಟುಗುಣ ಅಲ್ಲ. ಬಹುಪಾಲು ತೆರಿಗೆಯ ಆಟ. ನಮ್ಮ ರಾಜ್ಯದಲ್ಲಿ ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆ 29.84 ಪರ್ಸೆಂಟ್, ಡೀಸೆಲಿನ ಮೇಲೆ 21.17. ಅದರಲ್ಲೂ ಡೀಸೆಲಿನದು 2025ರ ಏಪ್ರಿಲ್ 1ರಂದು ಏರಿದ್ದು. ಹಿಂದಿನ ದಿನದವರೆಗೆ 18.44 ಇತ್ತು. ಒಂದೇ ರಾತ್ರಿಯಲ್ಲಿ ಲೀಟರಿಗೆ ಎರಡು ರೂಪಾಯಿ ಜಾಸ್ತಿ ಆಯ್ತು, 14ರ ಅಂತರ 12ಕ್ಕೆ ಇಳಿಯಿತು. ನೀವು ಹತ್ತು ವರ್ಷ ನಂಬಿಕೊಂಡು ಕೂರುವ ಲೆಕ್ಕ ವಿಧಾನಸೌಧದ ಒಂದು ಸಹಿಯಲ್ಲಿ ಬದಲಾಗುತ್ತೆ. ಬಜೆಟ್ ಬಂದಾಗಲೆಲ್ಲ ಎದೆ ಹಿಡ್ಕೊಂಡು ಕೂರೋಕೆ ಇಷ್ಟ ಇದ್ರೆ ಅದು ನಿಮ್ಮಿಷ್ಟ.

ಎರಡನೆಯದು ಎಂಜಿನ್. ಡೀಸೆಲ್ಲಿನ ಪರವಾಗಿ ಹೇಳಬೇಕಾದ್ದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಅದು ಸುಳ್ಳಲ್ಲ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಹೊತ್ತಿಸೋಕೆ ಸ್ಪಾರ್ಕ್ ಪ್ಲಗ್ ಬೇಕು. ಡೀಸೆಲ್ಲಿಗೆ ಬೇಡ. ಗಾಳಿಯನ್ನ ಎಷ್ಟು ಒತ್ತುತ್ತೆ ಅಂದ್ರೆ ಆ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತೆ. ಹಾಗೆ ಒತ್ತಿ ಉರಿಸೋದ್ರಿಂದಲೇ ಕಮ್ಮಿ ಇಂಧನದಲ್ಲಿ ಹೆಚ್ಚು ಕೆಲಸ. ಆ ಒತ್ತಡ ತಡೆಯೋಕೆ ಎಂಜಿನ್ ಗಟ್ಟಿಮುಟ್ಟಾಗಿರಬೇಕು, ಅದಕ್ಕೇ ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಐದು ಜನ, ಡಿಕ್ಕಿ ತುಂಬಾ ಲಗೇಜು, ಎಸಿ ಹಾಕ್ಕೊಂಡು ಚಾರ್ಮಾಡಿ ಹತ್ತುವಾಗ ಡೀಸೆಲ್ ಕಾರು ಉಸ್ ಅನ್ನಲ್ಲ. ಒಮ್ಮೆ ಟ್ಯಾಂಕ್ ತುಂಬಿಸಿದ್ರೆ ಮಂಗಳೂರಿಗೆ ಹೋಗಿ ವಾಪಸ್ ಬರಬಹುದು. ಆ ಸುಖ ಅನುಭವಿಸಿದವರಿಗೇ ಗೊತ್ತು. ನನಗೂ ಗೊತ್ತು.

ಆದರೆ ವರ್ಷದಲ್ಲಿ ಎಷ್ಟು ಸಲ ಚಾರ್ಮಾಡಿ ಹತ್ತುತ್ತೀರಿ? ದೀಪಾವಳಿಗೆ ಒಂದು ಸಲ, ಮೇ ತಿಂಗಳ ರಜೆಗೆ ಒಂದು ಸಲ. ವರ್ಷಕ್ಕೆ ಎರಡು ಸಲ ಬರುವ ನೆಂಟರಿಗೋಸ್ಕರ ಯಾರೂ ಮೂರು ಬೆಡ್‌ರೂಮಿನ ಮನೆ ಕಟ್ಟಿಸಲ್ಲ. ಘಾಟಿಯ ನೆಪದಲ್ಲಿ ಕಾರು ಮಾತ್ರ ಹಾಗೆ ತಗೊಳ್ತೀವಿ. ಉಳಿದ 350 ದಿನ ಆ ಘಾಟಿ ಹತ್ತುವ ಎಂಜಿನ್ ಮಾರತ್‌ಹಳ್ಳಿಯಲ್ಲಿ ಫಸ್ಟ್ ಗೇರಿನಲ್ಲಿ ಅಳುತ್ತಿರುತ್ತೆ.

ಅಳುತ್ತೆ ಅಂತ ಸುಮ್ಮನೆ ಹೇಳಿದ್ದಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಬಂತು. ಬಿಎಸ್4 ಕಾಲದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಉಗುಳಬಹುದಿತ್ತು, ಈಗ 4.5 ಮಿಲಿಗ್ರಾಂ. ನೈಟ್ರೋಜನ್ ಆಕ್ಸೈಡುಗಳ ಮಿತಿ 250ರಿಂದ 80 ಮಿಲಿಗ್ರಾಂಗೆ ಇಳೀತು. ಅದನ್ನ ಸಾಧಿಸೋಕೆ ಸೈಲೆನ್ಸರ್ ಪೈಪಿನ ದಾರಿಯಲ್ಲಿ ಡಿಪಿಎಫ್ ಅನ್ನೋ ಮಸಿ ಹಿಡಿಯೋ ಫಿಲ್ಟರ್ ಕೂರಿಸಿದ್ರು. ಇದು ನಮ್ಮ ಮನೆಯ ಕಾಫಿ ಫಿಲ್ಟರ್ ಇದ್ದ ಹಾಗೆ. ರಂಧ್ರ ಕಟ್ಟಿಕೊಂಡ್ರೆ ಡಿಕಾಕ್ಷನ್ ಇಳಿಯಲ್ಲ. ಕಾಫಿ ಫಿಲ್ಟರ್ ಆದ್ರೆ ಗ್ಯಾಸ್ ಒಲೆ ಮೇಲೆ ಹಿಡಿದು ಸುಟ್ಟು ಸರಿ ಮಾಡ್ತೀವಿ. ಡಿಪಿಎಫ್ ಕೂಡ ಹಾಗೇ ತನ್ನೊಳಗಿನ ಮಸಿಯನ್ನ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬರೋಕೆ ಗಾಡಿ ಒಂದೇ ಸಮ ಒಳ್ಳೆ ವೇಗದಲ್ಲಿ ಹದಿನೈದು, ಇಪ್ಪತ್ತು ನಿಮಿಷ ಓಡಬೇಕು.

ಹೇಳಿ, ಔಟರ್ ರಿಂಗ್ ರೋಡಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಇಪ್ಪತ್ತು ನಿಮಿಷ ಒಂದೇ ಸಮ ಓಡೋದು ಯಾವುದು? ಮೇಲೆ ಹಾರೋ ಹದ್ದು ಬಿಟ್ರೆ ಏನೂ ಇಲ್ಲ.

ಹಾಗಾಗಿ ಫಿಲ್ಟರ್ ತುಂಬುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತೆ. ಮಸಿ ಸುಡಲಿ ಅಂತ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತೆ. ಅಷ್ಟರಲ್ಲಿ ನೀವು ಆಫೀಸಿನ ಬೇಸ್‌ಮೆಂಟ್ ತಲುಪಿ ಕೀ ತಿರುಗಿಸಿರ್ತೀರಿ, ಕೆಲಸ ಅರ್ಧಕ್ಕೆ ನಿಲ್ಲುತ್ತೆ. ಹೀಗೇ ಪದೇ ಪದೇ ಆದ್ರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಸೇರಿಕೊಂಡು ಅದನ್ನ ತೆಳುವಾಗಿಸುತ್ತೆ. ಕೊನೆಗೆ ಫಿಲ್ಟರನ್ನೇ ಬದಲಾಯಿಸೋ ಪ್ರಸಂಗ ಬಂದ್ರೆ ಬಿಲ್ಲು ಹತ್ತಾರು ಸಾವಿರ. ಬಂಕಿನಲ್ಲಿ ಏಳು ವರ್ಷ ಉಳಿಸಿದ್ದು ಒಂದು ಬೆಳಿಗ್ಗೆ ಸರ್ವೀಸ್ ಸೆಂಟರಿನಲ್ಲಿ ಸ್ವಾಹಾ.

ನನ್ನ ಟೀಮಿನ ಹುಡುಗನೊಬ್ಬ ಇದ್ದಾನೆ. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ನೆಲಮಂಗಲ ದಾಟಿ ಕ್ಯಾತ್ಸಂದ್ರಕ್ಕೆ ಹೋಗಿ ಬರ್ತಾನೆ. ತಟ್ಟೆ ಇಡ್ಲಿ ತಿನ್ನೋ ಫೋಟೋ ಗ್ರೂಪಿಗೆ ಹಾಕ್ತಾನೆ. ಆದ್ರೆ ಹೋಗೋದು ಇಡ್ಲಿಗಲ್ಲ, ಫಿಲ್ಟರ್ ಸುಡೋಕೆ. ಡೀಸೆಲ್ ಉಳಿಸೋಕೆ ತಗೊಂಡ ಕಾರಿನ ಆರೋಗ್ಯಕ್ಕೆ ಅಂತ ತಿಂಗಳಿಗೆ 260 ಕಿಲೋಮೀಟರ್ ಸುಮ್ಮನೆ ಡೀಸೆಲ್ ಸುಡೋದು! ನಾಯಿ ಸಾಕಿದವರು ಬೆಳಿಗ್ಗೆ ವಾಕಿಂಗ್ ಕರ್ಕೊಂಡು ಹೋಗೋ ಹಾಗೆ ಇವನು ಕಾರನ್ನ ಕರ್ಕೊಂಡು ಹೋಗ್ತಾನೆ. ಇನ್ನು ಕೆಲವು ಮಾಡೆಲ್‌ಗಳಿಗೆ ಯೂರಿಯಾ ದ್ರಾವಣ ಬೇರೆ ಹಾಕಬೇಕು. ಊರಲ್ಲಿ ಗದ್ದೆಗೆ ಹಾಕೋಕೆ ಯೂರಿಯಾ ಸಿಗ್ತಿಲ್ಲ ಅಂತ ಅಪ್ಪ ಕ್ಯೂ ನಿಲ್ತಾರೆ, ಇಲ್ಲಿ ಮಗ ಕಾರಿಗೆ ತುಂಬಿಸ್ತಾನೆ.

ಇವನಾದ್ರೂ ವಾಸಿ. ಈ ತಾಪತ್ರಯವೇ ಬೇಡ ಅಂತ ಗ್ಯಾರೇಜಿನಲ್ಲಿ ಡಿಪಿಎಫ್ ಕಿತ್ತು ಹಾಕಿಸಿ, ಸಾಫ್ಟ್‌ವೇರ್ ತಿದ್ದಿಸಿಕೊಂಡು ಬರೋ ಮಹಾನುಭಾವರೂ ಇದ್ದಾರೆ. "ಪಿಕಪ್ ಸಖತ್ತಾಗಿದೆ ಈಗ" ಅಂತ ಹೆಮ್ಮೆ ಬೇರೆ. ಅವರ ಕಾರು ಕಾಗದದ ಮೇಲೆ ಬಿಎಸ್6, ರಸ್ತೆಯ ಮೇಲೆ ಹಳೇ ಮಸಿ ಕುಂಡ.

ಇಲ್ಲಿಂದ ಮೂರನೆಯದು, ಪಕ್ಕದವರ ಶ್ವಾಸಕೋಶ. ಜೇಬು ನಿಮ್ಮದು, ಎಂಜಿನ್ ನಿಮ್ಮದು, ಹಾಳು ಮಾಡಿಕೊಳ್ಳೋ ಹಕ್ಕೂ ನಿಮ್ಮದೇ ಅಂತ ನಾನು ಸುಮ್ಮನಿರಬಹುದಿತ್ತು. ಹೊಗೆ ಮಾತ್ರ ನಿಮ್ಮದಲ್ಲ. ನೀವು ಗಾಜು ಏರಿಸಿ ಎಸಿ ಹಾಕ್ಕೊಂಡಿರ್ತೀರಿ. ಅದನ್ನ ಕುಡಿಯೋರು ಹೊರಗಿರ್ತಾರೆ.

2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಡೀಸೆಲ್ ಹೊಗೆಯನ್ನ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು. ಬೀಡಿ ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಪಕ್ಕದಲ್ಲಿ ಕೂತವನು ಸಿಗರೇಟು ಹಚ್ಚಿದ್ರೆ ನಾವು ಮುಖ ಸಿಂಡರಿಸ್ತೀವಿ, ಎದ್ದು ಹೋಗು ಅಂತೀವಿ. ಅದೇ ನಾವು ಸ್ಕೂಲ್ ಗೇಟಿನ ಮುಂದೆ ಎಂಜಿನ್ ಆನ್ ಮಾಡ್ಕೊಂಡು ಇಪ್ಪತ್ತು ನಿಮಿಷ ನಿಲ್ತೀವಿ.

ಇದನ್ನ ನಾನು ವಾರಕ್ಕೆರಡು ಸಲ ನೋಡ್ತೀನಿ. ಮಗಳನ್ನ ಕರ್ಕೊಂಡು ಬರೋಕೆ ಸ್ಕೂಟರಿನಲ್ಲಿ ಹೋಗ್ತೀನಲ್ಲ, ಆಗ. ಗೇಟಿನ ಆಚೆ ಈಚೆ ಸಾಲಾಗಿ ಎಸ್‌ಯುವಿಗಳು. ಒಳಗೆ ಎಸಿ, ಮೊಬೈಲಿನಲ್ಲಿ ರೀಲ್ಸು. ಹೊರಗೆ ಗಡಗಡ ಅಂತ ನಡುಗೋ ಸೈಲೆನ್ಸರು. ನನ್ನ ಮಗಳಿಗೆ ಆರು ವರ್ಷ. ನಿಂತರೆ ಅವಳ ಮೂಗು ಇರೋದು ಆ ಗಾಡಿಗಳ ಬಾನೆಟ್ಟಿಗಿಂತ ಕೆಳಗೆ, ಸೈಲೆನ್ಸರಿಗೆ ಹತ್ತಿರ. ಗೇಟಿನಿಂದ ನನ್ನ ಸ್ಕೂಟರಿನವರೆಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆ ಅವಳು ಉಸಿರಾಡಲೇಬೇಕು. ಎಂಜಿನ್ ಆಫ್ ಮಾಡಿ ಸಾರ್ ಅಂತ ಗಾಜು ತಟ್ಟಿದ್ರೆ, ಒಳಗಿನವರು ನಾನೇನೋ ಚಂದಾ ಕೇಳೋಕೆ ಬಂದವನ ಹಾಗೆ ಕೈ ಆಡಿಸ್ತಾರೆ. ಅವರೇನು ಕೆಟ್ಟವರಲ್ಲ. ತಮ್ಮ ಮಗುವನ್ನೇ ಕಾಯ್ತಿರೋರು. ಅವರ ಮಗುವೂ ಅದೇ ನಲವತ್ತು ಹೆಜ್ಜೆ ನಡೆದು ಬರಬೇಕು.

ಸ್ಕೂಲ್ ಗೇಟು ಒಂದು ಜಾಗ ಅಷ್ಟೇ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸ್, ಟಿನ್ ಫ್ಯಾಕ್ಟರಿಯ ಹತ್ರ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹೆಂಗಸರು, ಡೆಲಿವರಿ ಹುಡುಗರು, ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹನ್ನೆರಡು ಗಂಟೆ ಕೂರುವ ಸೆಕ್ಯೂರಿಟಿ ಅಣ್ಣ. ನಿಮ್ಮ 12 ರೂಪಾಯಿ ಉಳಿತಾಯದಲ್ಲಿ ಇವರಿಗೆ ಪಾಲಿಲ್ಲ, ಹೊಗೆಯಲ್ಲಿ ಪಾಲಿದೆ.

"ಬಿಎಸ್6 ಕ್ಲೀನ್ ಅಲ್ವಾ?" ಅಂತ ಕೇಳ್ತೀರಿ. ಕ್ಲೀನೇ, ಫಿಲ್ಟರ್ ಸರಿಯಾಗಿ ಕೆಲಸ ಮಾಡಿದ್ರೆ. ಫಿಲ್ಟರ್ ಸರಿಯಾಗಿ ಕೆಲಸ ಮಾಡೋದು ಗಾಡಿ ಓಡಿದ್ರೆ. ಗಾಡಿ ಓಡೋದು ಹೈವೇಯಲ್ಲಿ. ಮತ್ತೆ ಬಂದು ನಿಂತ್ವಿ ಅದೇ ಸಿಲ್ಕ್ ಬೋರ್ಡಿನಲ್ಲಿ. ಎಮಿಷನ್ ಟೆಸ್ಟ್ ಹಿಡಿಯುತ್ತಲ್ಲ ಅಂತೀರಾ? ಬಂಕಿನ ಪಕ್ಕದ ವ್ಯಾನಿನಲ್ಲಿ ಡೀಸೆಲ್ ಕಾರಿಗೆ ನೋಡೋದು ಹೊಗೆಯ ದಟ್ಟತೆಯನ್ನ ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನ ಅಲ್ಲಿ ಅಳೆಯೋದೇ ಇಲ್ಲ. ಪರೀಕ್ಷೆಯ ದಿನ ಮಾತ್ರ ಸಭ್ಯವಾಗಿರೋದು ಹೇಗೆ ಅಂತ 2015ರಲ್ಲಿ ಫೋಕ್ಸ್‌ವ್ಯಾಗನ್ ಇಡೀ ಜಗತ್ತಿಗೆ ತೋರಿಸಿಕೊಟ್ಟಿತು. ಪರೀಕ್ಷೆ ನಡೀತಿದೆ ಅಂತ ಗುರುತಿಸುವ ಸಾಫ್ಟ್‌ವೇರ್ ಹಾಕಿದ್ದ ಡೀಸೆಲ್ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಅಮೆರಿಕದಲ್ಲಿ ಕೆಲವು ಕಾರುಗಳು ರಸ್ತೆಗಿಳಿದಾಗ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಉಗುಳ್ತಿದ್ವು.

ಇಲ್ಲಿ ಡೀಸೆಲ್ ಪರ ಇನ್ನೊಂದು ವಾದ ಇದೆ, ಅದನ್ನೂ ಮುಚ್ಚಿಡಬಾರದು. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ ಉರಿದ್ರೆ 2.7. ಆದರೆ ಮೈಲೇಜ್ ಹೆಚ್ಚಾದ್ದರಿಂದ, ನನ್ನ ಮೇಲಿನ ಲೆಕ್ಕದ ಪ್ರಕಾರವೇ, ಕಿಲೋಮೀಟರಿಗೆ ಡೀಸೆಲ್ ಕಾರು ಶೇಕಡಾ 12ರಷ್ಟು ಕಮ್ಮಿ ಬಿಡುತ್ತೆ. ಯುರೋಪು ಡೀಸೆಲ್ ಕಾರಿನ ಹಿಂದೆ ಬಿದ್ದದ್ದು ಈ ಕಾರಣಕ್ಕೂ ಹೌದು. ಭೂಮಿಗೆ ಒಂದಿಷ್ಟು ಒಳ್ಳೇದು, ಬೀದಿಗೆ ಕೆಟ್ಟದ್ದು ಅಂತ ಅವರಿಗೆ ತಿಳಿಯೋ ಹೊತ್ತಿಗೆ ಎರಡು ದಶಕ ಕಳೆದಿತ್ತು. ಅದೇ ಪಾಠ ನಾವು ಮತ್ತೆ ಫೀಸು ಕಟ್ಟಿ ಕಲೀಬೇಕಾಗಿಲ್ಲ.

ಹಾಗಾದ್ರೆ ನಮ್ಮ ತಲೆಯಲ್ಲಿ ಡೀಸೆಲ್ ಅಂದ್ರೆ ಉಳಿತಾಯ ಅನ್ನೋದು ಹೊಕ್ಕಿದ್ದು ಯಾವಾಗ? ಇದು ನಮ್ಮ ಅಣ್ಣಂದಿರ ಕಾಲದ ನೆನಪು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟಿತು, ಡೀಸೆಲ್ಲಿನದು ಬಿಡಲಿಲ್ಲ. ರೈತನ ಟ್ರ್ಯಾಕ್ಟರು, ಸರಕು ಸಾಗಿಸೋ ಲಾರಿ, ಬಡವರ ಬಸ್ಸು ಅಂತ ಕಾರಣ. ಒಳ್ಳೇ ಕಾರಣವೇ. 2012ರಲ್ಲಿ ಎರಡರ ಅಂತರ ಲೀಟರಿಗೆ 30 ರೂಪಾಯಿ ದಾಟಿತ್ತು. ಆಗ ಆ ಸಬ್ಸಿಡಿಗೆ ಬಾಯಿ ಹಾಕಿದವರು ಯಾರು? ನಾವೇ, ಕಾರಿನವರು. ಷೋರೂಮುಗಳಲ್ಲಿ ಡೀಸೆಲ್ ಕಾರಿಗೆ ತಿಂಗಳುಗಟ್ಟಲೆ ವೇಟಿಂಗು. ಕಿರೀಟ್ ಪಾರಿಖ್ ಸಮಿತಿ 2010ರಲ್ಲೇ ಡೀಸೆಲ್ ಕಾರಿನ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಅಂತ ಹೇಳಿತ್ತು. ಹಾಕಲಿಲ್ಲ.

ಅದರ ಪರಾಕಾಷ್ಠೆ ನೋಡಬೇಕಾದ್ರೆ 2013ರ ಜನವರಿಗೆ ಹೋಗಬೇಕು. ಸಗಟಾಗಿ ಡೀಸೆಲ್ ಕೊಳ್ಳೋರಿಗೆ ಸಬ್ಸಿಡಿ ಇಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ಮಾಡ್ತು. ಸಗಟು ಅಂದ್ರೆ ಯಾರು? ರೈಲ್ವೆ, ಸರ್ಕಾರಿ ಬಸ್ ಸಂಸ್ಥೆಗಳು. ಅವರಿಗೆ ಲೀಟರಿಗೆ ಹತ್ತು ರೂಪಾಯಿಗೂ ಹೆಚ್ಚು ದುಬಾರಿ. ಬಂಕಿಗೆ ಬಂದು ತುಂಬಿಸಿಕೊಳ್ಳೋ ಕಾರಿನವನಿಗೆ ಮಾತ್ರ ಸಬ್ಸಿಡಿ ರೇಟು. ತಮಿಳುನಾಡು, ಕೇರಳದ ಸರ್ಕಾರಿ ಬಸ್ಸುಗಳು ಡಿಪೋ ಬಿಟ್ಟು ಖಾಸಗಿ ಬಂಕಿನಲ್ಲಿ ಕಾರುಗಳ ಹಿಂದೆ ಸಾಲು ನಿಂತವು. ಐವತ್ತು ಜನರನ್ನ ಹೊತ್ತ ಬಸ್ಸು ಒಬ್ಬನನ್ನ ಹೊತ್ತ ಕಾರಿಗಿಂತ ಹೆಚ್ಚು ಬೆಲೆ ಕೊಡಬೇಕಾದ ದೇಶ ಆಗಿತ್ತು ನಮ್ಮದು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಹಿಡಿತವನ್ನೂ ಬಿಟ್ಟ ಮೇಲೆ ಆ ಜಾತ್ರೆ ಮುಗೀತು. ದೇಶದಲ್ಲಿ ಅತಿ ಹೆಚ್ಚು ಕಾರು ಮಾರೋ ಮಾರುತಿಯೇ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡೋದನ್ನ ನಿಲ್ಲಿಸಿತು. ಜಾತ್ರೆ ಮುಗಿದು ಹತ್ತು ವರ್ಷ ದಾಟಿದ್ರೂ ನಾವಿನ್ನೂ ತೇರಿನ ಬೀದಿಯಲ್ಲಿ ಕಡ್ಲೇಪುರಿ ಹುಡುಕ್ತಿದ್ದೀವಿ.

ದೆಹಲಿಯ ಕಥೆ ಕೇಳಿರ್ತೀರಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬೇಡಿ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದರ ಹಗ್ಗಜಗ್ಗಾಟ ಆಮೇಲೂ ನಿಂತಿಲ್ಲ. ಕರ್ನಾಟಕದಲ್ಲಿ ಅಂಥ ನಿಯಮ ಇಲ್ಲ. ನಾಳೆ ಬರುತ್ತೆ ಅಂತ ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದರೆ ಒಂಬತ್ತು ವರ್ಷ ಕಾದರೆ ಲಾಭ ಬರೋ ವಸ್ತುವಿಗೆ ಹತ್ತನೇ ವರ್ಷ ಏನಾಗಬಹುದು ಅಂತ ಒಂದು ಸಲ ಯೋಚಿಸೋದು ಒಳ್ಳೇದು.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಖಾಯಂ ಬರೋ ಉತ್ತರ ಒಂದಿದೆ. "ಲಾರಿಗಳು, ಹಳೇ ಟೆಂಪೋಗಳು, ಅಪಾರ್ಟ್‌ಮೆಂಟ್ ಜನರೇಟರು ಬಿಡೋ ಹೊಗೆ ಮುಂದೆ ನಮ್ಮ ಒಂದು ಕಾರು ಯಾವ ಲೆಕ್ಕ ಗುರು?" ಸತ್ಯ. ಅವುಗಳ ಹೊಗೆ ನಿಮ್ಮ ಕಾರಿನದಕ್ಕಿಂತ ಜಾಸ್ತಿ. ಆದರೆ ಲಾರಿಯವನಿಗೆ ಬೇರೆ ದಾರಿ ಇಲ್ಲ. ಕೋಲಾರದ ಟೊಮ್ಯಾಟೊ ನಿಮ್ಮ ಫ್ರಿಜ್ಜಿಗೆ ಬರೋದು ಅವನ ಹೊಗೆಯಲ್ಲೇ. ನಿಮಗೆ ದಾರಿ ಇದೆ, ಅದೇ ಶೋರೂಮಿನಲ್ಲಿ, ಅದೇ ಬಣ್ಣದಲ್ಲಿ, 1,60,000 ಕಮ್ಮಿಗೆ ನಿಂತಿದೆ. ಬೇರೆ ದಾರಿ ಇಲ್ಲದವನ ತಪ್ಪನ್ನ ತೋರಿಸಿ ದಾರಿ ಇರೋನು ತಪ್ಪಿಸ್ಕೊಳ್ಳೋದು ನನಗೆ ಸರಿ ಕಾಣಲ್ಲ.

ಎಲೆಕ್ಟ್ರಿಕ್ ಆಗಬಹುದಾ, ಸಿಎನ್‌ಜಿ ಆಗಬಹುದಾ ಅಂತ ಕೇಳಿದ್ರೆ, ಆಗಬಹುದು, ನಿಮ್ಮ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟು, ದಾರಿಯಲ್ಲಿ ಸಿಎನ್‌ಜಿ ಬಂಕು ಇದ್ರೆ. ಮೆಟ್ರೋ ಮನೆ ಹತ್ರ ಬಂದಿದ್ರೆ ಕಾರೇ ಬೇಡ ಅಂತಲೂ ಹೇಳ್ತೀನಿ. ಯಾವುದೂ ಬೇಡ ಅಂದ್ರೆ ಸಾದಾ ಪೆಟ್ರೋಲ್ ಕಾರು. ಅದೂ ಪುಣ್ಯಕೋಟಿ ಅಲ್ಲ, ಹೊಗೆ ಅದಕ್ಕೂ ಇದೆ. ಆದರೆ ತಿಂಗಳಿಗೆ 500 ಕಿಲೋಮೀಟರಿಗೆ ಅದು ಸಾಕು, ಭಾನುವಾರ ಬೆಳಿಗ್ಗೆ ವಾಕಿಂಗ್ ಬೇಕು ಅಂತ ಹಟ ಮಾಡಲ್ಲ.

ಶೋರೂಮಿಗೆ ಹೋಗೋ ಮುಂಚೆ ಮಾಡಬೇಕಾದ ಕೆಲಸ ಒಂದೇ. ಈಗ ಓಡಿಸ್ತಿರೋ ಗಾಡಿಯ ಕಳೆದ ಎರಡು ಸರ್ವೀಸ್ ಬಿಲ್ಲು ತೆಗೆದು, ಅದರಲ್ಲಿರೋ ಓಡೋಮೀಟರ್ ಅಂಕಿ ಒಂದರಿಂದ ಇನ್ನೊಂದು ಕಳೀರಿ, ಮಧ್ಯದ ತಿಂಗಳಿನಿಂದ ಭಾಗಿಸಿ. ಗಾಡಿ ಇಲ್ದಿದ್ರೆ ಕ್ಯಾಬ್ ಆ್ಯಪಿನ ಹಳೇ ಬಿಲ್ಲು ಕೂಡಿಸಿ. ಬಂದ ಉತ್ತರ 1,500 ದಾಟಿ, ಅದರಲ್ಲಿ ಅರ್ಧ ಆದ್ರೂ ಹೈವೇ ಆಗಿದ್ರೆ ಡೀಸೆಲ್ ತಗೊಳ್ಳಿ, ನಾನೇ ಬಂದು ನಿಂಬೆಹಣ್ಣು ಇಡ್ತೀನಿ. ಸಾವಿರದ ಒಳಗಿದ್ರೆ ಬೇಡ. ಮಧ್ಯೆ ಇದ್ರೆ ನಿಮ್ಮ ರಸ್ತೆ ಯಾವುದು ಅಂತ ನೋಡಿ ತೀರ್ಮಾನ ಮಾಡಿ. ಸೇಲ್ಸ್ ಹುಡುಗ ಬ್ರೋಷರಿನ ಮೈಲೇಜ್ ತೋರಿಸಿದಾಗ "ಇದು ಯಾವ ಸಿಗ್ನಲ್ಲಿನಲ್ಲಿ ಬಂದ ಮೈಲೇಜ್ ತಮ್ಮಾ?" ಅಂತ ಒಂದು ಮಾತು ಕೇಳಿ.

ಆಮೇಲೂ ನನಗೆ ಡೀಸೆಲ್ಲೇ ಇಷ್ಟ, ಆ ಟಾರ್ಕು, ಆ ಎತ್ತರ, ಆ ಗತ್ತು ಬೇಕು ಅನ್ನಿಸಿದ್ರೆ ತಗೊಳ್ಳಿ, ಕಾನೂನೇನೂ ತಡೆಯಲ್ಲ. ಆದರೆ ಅದನ್ನ ಶೋಕಿ ಅಂತ ಕರೀರಿ, ಉಳಿತಾಯ ಅನ್ನಬೇಡಿ. ಶೋಕಿಗೆ ಬೆಲೆ ಕೊಡೋದು ನಮಗೆ ಗೊತ್ತು, ಅದರಲ್ಲಿ ನಾಚಿಕೆ ಏನಿಲ್ಲ. ಮತ್ತೆ ಸ್ಕೂಲ್ ಗೇಟಿನ ಮುಂದೆ ನಿಂತಾಗ ದಯವಿಟ್ಟು ಎಂಜಿನ್ ಆಫ್ ಮಾಡಿ. ಅದಕ್ಕೆ ಲೀಟರಿಗೆ ಒಂದು ಪೈಸೆಯೂ ಖರ್ಚಾಗಲ್ಲ.